ಅತ್ತಿಯವರ ಸೇವಂತಿ ಮತ್ತ ಬಸವನಹುಳ

ಅಂಬಿಕಾನಗರದ ಕ್ವಾರ್ಟರ್ಸಿನ್ಯಾಗ ಮಳಿ ಹಿಡೀತಂದ್ರ ಹಿತ್ತಲ ತುಂಬ ಬಸವನಹುಳ, ಸಿಂಬಳದ ಹುಳ. ಅವುಗಳ ಬೆನ್ನಿಗೇ ನಮ್ಮ ಮನ್ಯಾಗೊಂದು ಫಜೀತಿ, ವರ್ಷಾ ಇದ್ದದ್ದ. ಈ ಸಲ ಅತ್ತಿ ಸೇವಂತಿ ಹಚ್ಚಿದ್ರು. ದಸರಾಕ್ಕ ದೇವರಿಗೆ ಮನೀ ಹೂವೇ ಏರಸಬೇಕು ಅಂತ ಅವರ ಹಟ. ಮ್ಯಾಲ ಇನ್ನೊಂದು ಕಟ್ಟಳಿ: "ಹುಳಾ ಕೊಲ್ಲಾಂಗಿಲ್ಲ. ಅದೂ ಜೀವ ಐತಿ."

1. ಉಪ್ಪು

ಹುಳ ಉಪ್ಪು ದಾಟಂಗಿಲ್ಲ ಅಂತ ಯಾರೋ ಹೇಳಿದ್ರಂತ. ನಮ್ಮ ಮನಿಯವರು ನಾಕೈದು ಗಿಡದ ಸುತ್ತ ಕಲ್ಲುಪ್ಪು ಸುರವಿ ಬಂದ್ರು. ಮಳಿಗೆ ಉಪ್ಪು ಕರಗಿ ಬೇರಿಗೆ ಇಳೀತು. ಗಿಡ ಒಣಗಿದ್ವು, ಹುಳ ಬಾಜೂಕಿನ ಗಿಡಕ್ಕ ಹೋದ್ವು.

ಅತ್ತಿ ಮಗನಿಗೆ ಅಂದ್ರು, "ಸಾರಿಗೆ ಒಂದ ಹರಳ ಹೆಚ್ಚಾದ್ರ ನೀ ತಾಟ ಸರಸ್ತಿ. ಗಿಡಕ್ಕ ಪಾಪ, ಸರಸಾಕ ಕೈ ಎಲ್ಲಿ ಅದಾವ?"

2. ತತ್ತಿ ಸಿಪ್ಪಿ

ತತ್ತಿ ಸಿಪ್ಪಿ ಪುಡಿ ಮಾಡಿ ಹಾಕಿದ್ರ ಹುಳಕ್ಕ ಚುಚ್ಚತೈತಿ ಅಂತ ನಾನು ಮೊಬೈಲಿನ್ಯಾಗ ಓದಿದ್ದೆ. ನಮ್ಮದು ಲಿಂಗಾ ಕಟ್ಟಿಕೊಂಡ ಮನಿ, ತತ್ತಿ ಎಲ್ಲಿಂದ ಬರಬೇಕು? ಎದುರುಮನಿ ಅಕ್ಕಾರಿಗೆ ಹೇಳಿದೆ, ಅವರು ಚೀಲ ತುಂಬ ಕೊಟ್ರು. ಹಿತ್ತಲದಾಗ ಇಟ್ಟಿದ್ದು ಅತ್ತಿ ಕಣ್ಣಿಗೆ ಬಿತ್ತು. ಮಧ್ಯಾಹ್ನ ಉಣ್ಣಲಿಲ್ಲ. ಸಂಜೀಕ ಮೆಲ್ಲಕ ಕೇಳಿದ್ರು, "ಖರೇ ಹೇಳ. ಯಾವಾಗಿಂದ ತಿನ್ನಾಕತ್ತಿ?"

"ನಾ ಅಲ್ರೀ ಅತ್ತಿ, ಗಿಡಕ್ಕ."

"ದೇವರಿಗೆ ಏರೂ ಹೂವಿನ ಬುಡಕ್ಕ ತತ್ತಿ?"

ಚೀಲ ವಾಪಸ್ ಒಯ್ದೆ. ಅಕ್ಕಾರು ಮಾರಿ ಸಣ್ಣ ಮಾಡಿದ್ರು. "ನಿಮ್ಮ ಸಲುವಾಗಿ ವಾರಪೂರ್ತಿ ಆಮ್ಲೆಟ್ ಮಾಡೇನ್ರಿ. ಈಗ ನಮ್ಮ ಹುಡುಗ್ರು ತವಾ ಕಂಡ್ರ ಓಡಿ ಹೋಗ್ತಾವ."

3. ಖಾಲಿ ಮನಿ

ಕಡೀಕ ನೆಟ್ಟಗಿನ ಹಾದಿ ಸಿಕ್ತು. ಸಂಜೀಕ ಹಸಿ ಗೋಣಿಚೀಲ ಹಾಸೂದು. ಮುಂಜಾನೆ ಎತ್ತಿದ್ರ ಹುಳ ಎಲ್ಲಾ ಅದರ ಕೆಳಗ ಕುಂತಿರ್ತಾವ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಆರಿಸಿ ಬಕೀಟಿಗೆ ಹಾಕೂದು. ಮುಂದೇನು ಮಾಡೂದು? ಅತ್ತಿ ಪಕ್ಕದ ಖಾಲಿ ಕ್ವಾರ್ಟರ್ಸ್ ತೋರಿಸಿದ್ರು. "ಗ್ವಾಡಿ ಆ ಕಡೆ ಒಗೀರಿ. ಯಾರಿಗೂ ತ್ರಾಸಿಲ್ಲ."

ಮಳಿಗಾಲ ಪೂರಾ ಒಗದ್ವಿ. ಸೇವಂತಿ ಮೊಗ್ಗು ಹಿಡದ್ವು. ಅಷ್ಟರಾಗ ನಮ್ಮ ಮನಿ ಚಾವಣಿ ರಿಪೇರಿ ಮಾಡಬೇಕು, ಪಕ್ಕದ ಖಾಲಿ ಮನಿಗೆ ಹೋಗ್ರಿ ಅಂತ ಆಫೀಸಿನಿಂದ ಆರ್ಡರ್ ಬಂತು. ಮೊಗ್ಗಿನ ಗಿಡ ಕಿತ್ತರ ಸಾಯ್ತಾವಂತ ಅಲ್ಲೇ ಬಿಟ್ವಿ. ಹೊಸ ಮನಿ ಹಿಂದಿನ ಬಾಗಿಲಾ ತೆಗದ್ರ ಮೆಟ್ಟಿಲ ಮ್ಯಾಲ, ನಲ್ಲಿ ಮ್ಯಾಲ, ಎಲ್ಲಾ ಕಡೆ ನಾವ ಒಗದ ಹುಳ. ನಾವು ಬರ್ತೀವಂತ ಆಫೀಸಿನವರು ಹಿತ್ತಲದ ಹುಲ್ಲು ಕೊಯ್ಸಿದ್ರು. ತಿನ್ನಾಕ ಏನೂ ಇಲ್ಲದ ಅವು ಗ್ವಾಡಿ ಹತ್ತಿ ಸೀದಾ ಸೇವಂತಿ ಕಡೆ ಹೊಂಟಿದ್ವು.

ನಮ್ಮ ಮನಿಯವರು ಕೇಳಿದ್ರು, "ಅವ್ವಾ, ಇನ್ನ ಎಲ್ಲಿ ಒಗೀಲಿ?"

ಅತ್ತಿ ಅವರ ಕೈಯಾಗಿನ ಬಕೀಟ ಇಸಗೊಂಡು ಬದಿಗಿಟ್ರು. "ಎಲ್ಲೂ ಬ್ಯಾಡ. ಹೊಟ್ಟಿ ತುಂಬಿದ್ರ ಗ್ವಾಡಿ ಯಾಕ ಹತ್ತಾವ?"

ಅವತ್ತಿನಿಂದ ದಿನಾ ಸಂಜೀಕ ಕ್ಯಾಬೇಜ್ ಎಲಿ ಹೆಚ್ಚಿ ಗ್ವಾಡಿ ಬುಡಕ್ಕ ಇಟ್ಟು, "ತಿನ್ರೆಪಾ, ಇಲ್ಲೇ ತಿನ್ರಿ" ಅಂತಿದ್ರು. ದಸರಾಕ್ಕ ಬುಟ್ಟಿ ತುಂಬ ಸೇವಂತಿ ಬಂತು. ಅತ್ತಿ ಖುಷಿ ನೋಡಿ ನನಗೂ ಸಮಾಧಾನ ಆತು. ಆದ್ರ ಆವತ್ತೂ ದೇವರಿಗೆ ಎಡಿ ಹಿಡಿಯೂಕಿಂತ ಮೊದಲ ಹುಳಕ್ಕ ಎಲಿ ಹೋತು. ಹಿಂಗ್ಯಾಕ್ರೀ ಅಂತ ಕೇಳಿದೆ.

"ದೇವರು ತಡೀತಾನವ್ವಾ," ಅಂದ್ರು. "ಅವ ಗ್ವಾಡಿ ಹತ್ತಂಗಿಲ್ಲ."