ಅಕ್ಕನ ಮನೆಯಲ್ಲಿ ಅರ್ಧ ಗಂಟೆಯ ವಾಸ

"ಈ ಊರಲ್ಲಿ ನಾನು ತೆಗೆಯೋಕಾಗದ ಬಾಗಿಲು ಇನ್ನೂ ಹುಟ್ಟಿಲ್ಲ ಕಣೇ! ಆ ಶಾಲೆ ಬಾಗಿಲು ಯಾವ ಲೆಕ್ಕ?" ಎಂದು ಬೀಗ ರಿಪೇರಿಯವನು ಎದೆ ತಟ್ಟಿಕೊಂಡ. ಹೆಂಡತಿ ಬಟ್ಟೆ ಮಡಚುತ್ತಾ ಅವನ ಮುಖವನ್ನೊಮ್ಮೆ ನೋಡಿದಳು, ಅಷ್ಟೆ. ಆ ನೋಟದ ಅರ್ಥ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮುಂದುವರಿದ.

ವಿಷಯ ಮಗಳದು. ಆ ಪುಟ್ಟ ಹುಡುಗಿಗೆ ಮನೆಯವರೆಲ್ಲ ಇಟ್ಟ ಹೆಸರು ಯಾಕಮ್ಮ. ಇರುವೆ ಸಾಲಾಗಿ ಯಾಕೆ ಹೋಗುತ್ತೆ, ಬೀಗ ತಿರುಗಿದರೆ ಟಕ್ ಅಂತ ಯಾಕೆ ಅನ್ನುತ್ತೆ, ಅತ್ತೆ ಮನೆ ಸೋಫಾಕ್ಕೆ ಪ್ಲಾಸ್ಟಿಕ್ ಕವರ್ ಯಾಕೆ... ಬಾಯಿ ಮುಚ್ಚಿದ್ದೇ ಇಲ್ಲ! ಅವರ ಬೀದಿಯ ಶಾಲೆಯಲ್ಲಿ ಎಲ್ಲ ತರಗತಿಗೂ ಒಬ್ಬರೇ ಮೇಷ್ಟ್ರು. ಏನು ಕೇಳಿದರೂ ಅವರದು ಒಂದೇ ಉತ್ತರ: "ಸುಮ್ನೆ ಕೂತ್ಕೋ!" ಬೀಗದವನ ಅಕ್ಕ ಇದ್ದ ಬಡಾವಣೆಯ ಸರ್ಕಾರಿ ಶಾಲೆಯಲ್ಲಾದರೋ, ಗಾಜಿನ ಪೆಟ್ಟಿಗೆಯಲ್ಲಿ ಇರುವೆಗೂಡನ್ನೇ ಸಾಕಿದ್ದರು! ಕಿಟಕಿಯಿಂದ ಅದನ್ನು ನೋಡಿದ ಯಾಕಮ್ಮ ಅಂದಿನಿಂದ ಬೇರೆ ಮಾತೇ ಆಡಿರಲಿಲ್ಲ. ಆದರೆ ಆ ಶಾಲೆ ಆ ಬಡಾವಣೆಯವರಿಗೆ ಮಾತ್ರ ಎಂದು ಎಲ್ಲರೂ ಹೇಳುತ್ತಿದ್ದರು.

"ಅಪ್ಪಾ, ಹೋಗಿ ಕೇಳಿದ್ರೆ ಸೀಟು ಕೊಡಲ್ವಾ?"

"ಕೇಳಿದ್ರೆ ಯಾರು ಕೊಡ್ತಾರೆ ಪುಟ್ಟಿ? ಅದಕ್ಕೆಲ್ಲ ತಲೆ ಬೇಕು!"

ತಲೆ ಓಡಿಸಿ ಶಾಲೆಯ ಅರ್ಜಿಯಲ್ಲಿ ಅಕ್ಕನ ವಿಳಾಸ ಕೊಟ್ಟದ್ದಾಯಿತು. ಶಾಲೆಯ ಮೇಡಂ ಮನೆ ನೋಡಲು ಬರುವ ದಿನ ಇವರು ಮನೆಯವರು, ಅಕ್ಕ ನೆಂಟರು ಎಂದು ಪಾತ್ರ ಹಂಚಿಕೆಯೂ ಆಯಿತು. ಅಕ್ಕ ಒಪ್ಪಿದ್ದೇನೋ ಹೌದು. "ಆದ್ರೆ ಒಂದು ಲೋಟ ಆಚೀಚೆ ಆಗ್ಬಾರ್ದು, ಈಗ್ಲೇ ಹೇಳಿದೀನಿ," ಎಂದಿದ್ದಳು.

ಆ ದಿನ ಬಸ್ಸು ಕೈಕೊಟ್ಟಿತು. ಮೂವರೂ ಏದುಸಿರು ಬಿಡುತ್ತಾ ಬಂದರೆ, ಗೇಟಿನಲ್ಲೇ ಮೇಡಂ!

"ಇದು ನಿಮ್ಮನೇನಾ?"

"ನಮ್ದೇ, ನಮ್ದೇ! ಹೀಗೇ ವಾಕಿಂಗ್ ಹೋಗಿದ್ವಿ."

ಮೇಡಂ ಹೆಂಡತಿಯ ಕಾಲಿನತ್ತ ನೋಡಿದರು. ಮದುವೆಮನೆಗೆ ಹಾಕುವ ಎತ್ತರದ ಚಪ್ಪಲಿ!

ಬೀಗದವನು ಜೇಬು ಮುಟ್ಟಿಕೊಂಡ. ಅಕ್ಕನ ಮನೆಯ ಕೀಲಿ ಅವನ ಜೇಬಿನಲ್ಲಿ ಎಲ್ಲಿಂದ ಬರಬೇಕು? ತನ್ನ ಮನೆಗೆ ತಾನೇ ಬೆಲ್ ಒತ್ತಿದರೆ ಬಣ್ಣ ಬಯಲು! ಅಭ್ಯಾಸ ನೋಡಿ, ಕೈ ತಾನಾಗಿಯೇ ತಂತಿಯನ್ನು ಹೊರತೆಗೆಯಿತು. ಕೋಟೆ ಗೆಲ್ಲಲು ಹೊರಟ ಸೇನಾಪತಿಯ ಗತ್ತಿನಲ್ಲಿ ಬೀಗದ ಕಿಂಡಿಗೆ ತೂರಿಸಿ ತಿರುಗಿಸಿದ. ಟಕ್! ಮೀಸೆಯಲ್ಲೇ ನಗುತ್ತಾ ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ.

ಒಳಗಿಂದ ಅಕ್ಕನ ದನಿ ಬಂತು: "ಯಾವನೋ ಅದು, ತೆರೆದಿದ್ದ ಬಾಗಿಲಿಗೆ ಬೀಗ ಹಾಕೋನು?"

"ನಿಮ್ಮನೆಗೆ ನೀವು ದಿನಾ ಹೀಗೇನಾ ಹೋಗೋದು?" ಮೇಡಂ ನಿಜವಾದ ಕುತೂಹಲದಿಂದಲೇ ಕೇಳಿದರು.

"ಕೈಗೆ ಅಭ್ಯಾಸ ತಪ್ಪಬಾರ್ದು ಅಂತ, ಮೇಡಂ... ಒಳಗಿರೋರು ನೆಂಟರು. ನಿನ್ನೆ ಬಂದ್ರು."

ಅಕ್ಕ ಬಾಗಿಲು ತೆಗೆದಳು. ಮನೆಯವರು ಮೂವರೂ ಸೋಫಾದ ತುದಿಯಲ್ಲಿ ಕೈಕಟ್ಟಿ ಕುಳಿತರು. ನೆಂಟರು ಸೊಂಟಕ್ಕೆ ಕೈಯಿಟ್ಟು ನಿಂತರು.

"ಅತ್ತೆ, ಫ್ಯಾನ್ ಹಾಕ್ಲಾ?" ಎಂದಳು ಯಾಕಮ್ಮ.

"ಮೊದ್ಲು ಕಾಲು ಒರೆಸ್ಕೊಂಡು ಬಂದ್ಯಾ?"

ಮೇಡಂ ಗೋಡೆಯ ಕಡೆ ತಿರುಗಿದರು. ಅಲ್ಲಿ ಅಕ್ಕ-ಭಾವನ ಮದುವೆ ಫೋಟೋ, ಬಾಗಿಲಷ್ಟು ದೊಡ್ಡದು! ಅದನ್ನು ಇಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ನೆಂಟರ ಫೋಟೋ ಇಷ್ಟು ದೊಡ್ಡದು ಹಾಕಿದೀರಲ್ಲ?"

"ಅಕ್ಕ ಅಂದ್ರೆ ನನಗೆ ಪ್ರಾಣ, ಮೇಡಂ!"

"ಹೌದಾ? ಹೋದ ವರ್ಷ ನಾನು ಹಾಸಿಗೆ ಹಿಡಿದಾಗ ತಿರುಗಿಯೂ ನೋಡ್ಲಿಲ್ಲ!" ಅಕ್ಕ ತನ್ನ ಪಾತ್ರವನ್ನೇ ಮರೆತಳು.

ಯಾಕಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಮೇಡಂ, ಬೇರೆ ಕಡೆ ಮನೆ ಇರೋರ್ಗೆ ನಿಮ್ಮ ಶಾಲೇಲಿ ಸೀಟು ಕೊಡಲ್ವಾ? ಯಾಕೆ?"

ಬೀಗದವನು ಮಗಳ ಬಾಯಿ ಮುಚ್ಚಲು ಕೈ ಚಾಚಿದ.

"ಕೊಡ್ತೀವಲ್ಲ ಮರಿ! ಹೊರಗಿನವರಿಗೂ ಸ್ವಲ್ಪ ಸೀಟು ಇಟ್ಟಿದೀವಿ, ಬಂದು ಕೇಳೋರೇ ಇಲ್ಲ. ಈ ಬಡಾವಣೆಯ ಸೀಟೇ ನಿನ್ನೆ ಭರ್ತಿ ಆಗೋಯ್ತು. ಅದನ್ನ ಹೇಳೋಕೇ ಬಂದೆ. ನೀವು ಇಲ್ಲಿಯವರೇ ಅಂದ್ಮೇಲೆ ಈ ವರ್ಷ ಕಷ್ಟ."

ಹೆಂಡತಿ ಗಂಡನ ಮುಖ ನೋಡಿದಳು. ಅದೇ ನೋಟ!

ಬೀಗದವನು ದಡಕ್ಕನೆ ಎದ್ದ. "ಮೇಡಂ, ನಾವು ಇಲ್ಲಿಯವರಲ್ಲ! ಇದು ನಮ್ಮನೆ ಅಲ್ವೇ ಅಲ್ಲ! ಈ ಸೋಫಾಕ್ಕೆ ಒರಗೋ ಧೈರ್ಯ ಕೂಡ ನಮಗಿಲ್ಲ! ಅಕ್ಕಾ, ನೀನಾದ್ರೂ ಹೇಳೇ!"

"ನಾನು ನೆಂಟರವಳು ಕಣಪ್ಪ, ನನಗೇನು ಗೊತ್ತು?" ಎಂದಳು ಅಕ್ಕ.

ಬೀಗದವನಿಗೆ ಅಳುವೇ ಬಂತು. ಮಗಳು ಬಿಟ್ಟ ಕಣ್ಣು ಬಿಟ್ಟಂತೆ ಅವನನ್ನೇ ನೋಡುತ್ತಿದ್ದಳು. "ತಪ್ಪಾಯ್ತು, ಮೇಡಂ. ನನ್ನ ಅತಿಬುದ್ಧಿಗೆ ಮಗೂಗೆ ಸೀಟು ತಪ್ಪೋದು ಬೇಡ," ಎಂದ. ಈ ಸಲ ದನಿಯಲ್ಲಿ ಗತ್ತು ಇರಲಿಲ್ಲ.

ಮೇಡಂ ಯಾಕಮ್ಮನ ತಲೆ ಸವರಿ ಎದ್ದರು. "ನೀವು ಇಲ್ಲಿಯವರಲ್ಲ ಅಂತ ಬಾಗಿಲ ಹತ್ರಾನೇ ಗೊತ್ತಾಯ್ತು ಬಿಡಿ. ನಾಳೆ ಮಗೂನ ಶಾಲೆಗೆ ಕರ್ಕೊಂಡು ಬನ್ನಿ. ಗೇಟು ತೆರೆದೇ ಇರುತ್ತೆ, ಸುಮ್ನೆ ತಳ್ಳಿದ್ರೆ ಸಾಕು. ದಯವಿಟ್ಟು ಆ ತಂತಿ ಮಾತ್ರ ಮನೇಲೇ ಬಿಟ್ಟು ಬನ್ನಿ!"