ಲ್ಯಾಟಿನ್ ಪಂಡಿತನ ಏಕೈಕ ಕ್ರಿಯಾಪದ

ನನಗಿಲ್ಲದ ವಿದ್ಯೆಯನ್ನು ಜನ ತಾವಾಗಿಯೇ ತಂದು ನನ್ನ ಮೇಲೆ ಹೊರಿಸಿದರೆ ಅದನ್ನು ಕೆಳಗಿಳಿಸುವ ಅಭ್ಯಾಸ ನನಗಿಲ್ಲ. ಇದು ನನ್ನ ದೊಡ್ಡ ದೋಷ. ಮೈಸೂರು ಕಡೆಯ ನಮ್ಮೂರ ಚರ್ಚಿನಲ್ಲಿ ಹುಡುಗನಾಗಿದ್ದಾಗ ಪಾದ್ರಿಗಳ ಪಕ್ಕ ನಿಂತು ಲ್ಯಾಟಿನ್ ಪ್ರಾರ್ಥನೆ ಒಪ್ಪಿಸುತ್ತಿದ್ದೆ. ಅರ್ಥ ನನಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ರೈಲ್ವೆ ಕೆಲಸ ನನ್ನನ್ನು ಕೋಲ್ಕತ್ತಕ್ಕೆ ತಂದ ಮೇಲೆ, ಬಾಲಿಗಂಜ್‌ನ ಫ್ಲ್ಯಾಟಿನಲ್ಲಿ ಪಕ್ಕದ ಮನೆಯ ಘೋಷಾಲ್‌ದಾ ಜೊತೆ ಚಹಾ ಕುಡಿಯುತ್ತಾ ಲ್ಯಾಟಿನ್ ಒಪ್ಪಿಸುತ್ತಿದ್ದ ಸಂಗತಿಯಷ್ಟನ್ನೇ ಬಾಯಿಬಿಟ್ಟೆ. ಅಂದಿನಿಂದ ಇಡೀ ಕೇರಿಗೆ ನಾನು 'ಪಂಡಿತ್ ಮೊಶಾಯ್', ಎಂದರೆ ಪಂಡಿತ ಮಹಾಶಯ.

ಆಗ ಸಾಲ್ಟ್ ಲೇಕ್ ಕಡೆ ಸಾಫ್ಟ್‌ವೇರ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದವು. ಘೋಷಾಲ್‌ದಾ ಅವರ ಅಳಿಯನೂ ಒಂದನ್ನು ತೆರೆಯಲು ಹೊರಟ. "ಬೋರ್ಡಿಗೆ ಒಂದು ಲ್ಯಾಟಿನ್ ಕ್ರಿಯಾಪದ ಕೊಡಿ, ವಿದೇಶದವರು ನೋಡಿ ಬೆರಗಾಗಬೇಕು" ಎಂದು ಘೋಷಾಲ್‌ದಾ ಕೇಳಿದರು. ಗಂಭೀರವಾಗಿ ತಲೆಯಾಡಿಸಿ, ಕದ್ದುಮುಚ್ಚಿ ಹೋಗಿ ಫುಟ್‌ಪಾತಿನಲ್ಲಿ ಹಳೆಯ ನಿಘಂಟು ಕೊಂಡೆ. ಮೊದಲ ಪುಟಗಳಲ್ಲೇ 'ಆಗೊ' ಸಿಕ್ಕಿತು. ಮುಂದೆ ಓದುವ ಕಷ್ಟ ತಪ್ಪಿತು. ದನ ಅಟ್ಟುವುದಕ್ಕೂ ಆಗೊ, ಕೆಲಸ ಮಾಡುವುದಕ್ಕೂ ಆಗೊ. ಮೊಕದ್ದಮೆ ನಡೆಸುವುದಕ್ಕೆ, ಆಯುಸ್ಸು ಕಳೆಯುವುದಕ್ಕೆ, ಧನ್ಯವಾದ ಹೇಳುವುದಕ್ಕೂ ಅದೇ. ನಮ್ಮ ಆಫೀಸಿನಲ್ಲಿ ಒಬ್ಬನೇ ಇಷ್ಟೆಲ್ಲ ಮಾಡಿದ್ದರೆ ಎಲ್ಲರೂ ಸೇರಿ ಅವನನ್ನು ವರ್ಗ ಮಾಡಿಸುತ್ತಿದ್ದರು. ಕೊನೆಗೆ, ನಾಟಕದಲ್ಲಿ ಪಾತ್ರ ವಹಿಸುವುದಕ್ಕೂ ಆಗೊ ಎಂದಿತ್ತು. ಅಲ್ಲಿಗೆ ಪುಸ್ತಕ ಮುಚ್ಚಿದೆ. ಅದರ ಬಹುವಚನ 'ಆಗಿಮುಸ್', ಅಂದರೆ 'ನಾವು ಮಾಡುತ್ತೇವೆ', ಬೋರ್ಡೇರಿತು.

ಉದ್ಘಾಟನೆಗೆ ನನ್ನ ಎಂಬತ್ತರ ಅಮ್ಮ, ಕಾಲೇಜು ಓದುವ ಮಗಳು ಇಬ್ಬರೂ ಸಂದೇಶ್ ಮಿಠಾಯಿ ತಿನ್ನುವ ಆಸೆಯಿಂದ ಬಂದಿದ್ದರು. ಘೋಷಾಲ್‌ದಾ ಮೈಕು ನನ್ನ ಕೈಗಿತ್ತು, "ಪಂಡಿತ್ ಮೊಶಾಯ್ ಲ್ಯಾಟಿನ್ನಿನಲ್ಲಿ ಆಶೀರ್ವದಿಸುತ್ತಾರೆ" ಎಂದುಬಿಟ್ಟರು. ಇಷ್ಟು ವರ್ಷದ ಮಾನ ನಿಮಿಷದಲ್ಲಿ ಹರಾಜಾಗುವುದರಲ್ಲಿತ್ತು. ಕಣ್ಣು ಮುಚ್ಚಿ ಬಾಯಿ ತೆರೆದೆ. ನನ್ನ ಪುಣ್ಯ, ಲ್ಯಾಟಿನ್ ತಡೆಯಿಲ್ಲದೆ ಹರಿಯಿತು. ಮೂರನೆಯ ಸಾಲಿಗೆ ತಿಳಿಯಿತು, ಅದು ಶವಸಂಸ್ಕಾರದ ಪ್ರಾರ್ಥನೆ. ಹೆಣ ಬಂದ ದಿನ ಚರ್ಚಿನಲ್ಲಿ ನಿಂತವರಿಗೆ ಶಾಲೆಗೆ ರಜೆ ಸಿಗುತ್ತಿತ್ತು. ಹಾಗಾಗಿ ಅದೊಂದೇ ನನಗೆ ಪೂರ್ತಿ ಬಾಯಿಪಾಠ. ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆಂದು ಕೊನೆಯವರೆಗೂ ಹೇಳಿದೆ. ಜೋರು ಚಪ್ಪಾಳೆ ಬಿತ್ತು.

ಅಮ್ಮ ಮಾತ್ರ ತಲೆಗೆ ಸೆರಗು ಹೊದ್ದು, ಶಿಲುಬೆ ಗುರುತು ಹಾಕಿಕೊಂಡು, "ಮಗಾ, ಯಾರ್ ತೀರ್ಕೊಂಡಿರೋದು?" ಎಂದರು. ನನ್ನ ಮಗಳಿಗೆ ಕನ್ನಡ ಮಾತಾಡಲು ಬರುವುದಿಲ್ಲ, ಅರ್ಥವಾಗುತ್ತದೆ, ಅದೇ ತೊಂದರೆ. "ಪಪ್ಪಾ, ಗ್ರ್ಯಾಂಡ್‌ಮಾ ಈಸ್ ಆಸ್ಕಿಂಗ್ ಹೂ ಡೈಡ್" ಎಂದು ಗಟ್ಟಿಯಾಗಿ ಸಾರಿದಳು. ಘೋಷಾಲ್‌ದಾ ಮುಖ ಬಿಳಿಚಿಕೊಂಡಿತು.

"ಮೊದಲು ಹಿರಿಯರ ಸ್ಮರಣೆ, ಆಮೇಲೆ ಕೆಲಸ. ಅದು ರೋಮಿನ ಪದ್ಧತಿ" ಎಂದೆ. ಅವರು ಭಕ್ತಿಯಿಂದ ಕೈಮುಗಿದರು. ಮುಂದೆ ಅದೇ ಕಟ್ಟಡದ ಇನ್ನೆರಡು ಕಂಪನಿಗಳೂ ಆ ಪದ್ಧತಿಗಾಗಿ ನನ್ನನ್ನು ಕರೆದವು, ನಾಚಿಕೆಯಿಲ್ಲದೆ ಹೋದೆ.

ಆದರೆ ಅಂದು ಟ್ಯಾಕ್ಸಿಯಲ್ಲಿ ಮನೆ ಹತ್ತಿರ ಬಂದಾಗ ಅಮ್ಮ ನನ್ನ ಕೈ ಹಿಡಿದು, "ನಾನು ಹೋದ್ ದಿವ್ಸ ನೀನ್ ಮಾತ್ರ ಲ್ಯಾಟಿನ್ ಹೇಳ್ಬ್ಯಾಡ ಕಣಪ್ಪ, ಜನ ಚಪ್ಪಾಳೆ ತಟ್ಬಿಟ್ಟಾರು" ಎಂದರು.