ಮೇಕೆ ತಿಂದ ಕಾರಿನ ಬಾಗಿಲು

ಮೇಕೆ ತಿಂದದ್ದು ಒಂದೇ ಒಂದು ಮೂಲೆ. ಅಂಗೈಯಗಲ ಅಂದರೂ ಹೆಚ್ಚಾಯಿತು. ಆದರೆ ಆ ಮೂಲೆ ಕಾರಿನ ಬಾಗಿಲಿನದು, ಮತ್ತು ಆ ಬಾಗಿಲನ್ನು ಪರೀಕ್ಷಿಸಲು ದೊಡ್ಡ ಕಾರು ಕಂಪನಿಯಿಂದ ಮೇಡಂ ಒಬ್ಬರು ಅದೇ ದಿನ ಬರುವವರಿದ್ದರು.

ಬಾಗಿಲು ಅಂದರೆ ಇಡೀ ಬಾಗಿಲಲ್ಲ. ಒಳಗೆ ಕೂತವರ ಮೊಣಕೈ ತಾಗುವ ಕಡೆ ಹೊದಿಸುವ ಹಲಗೆ. ಎಲ್ಲರೂ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಭೂಮಿಯ ಹೊಟ್ಟೆ ಬಗೆದು ತೆಗೆದ ಎಣ್ಣೆಯ ಪ್ಲಾಸ್ಟಿಕ್ ಇನ್ನು ಸಾಕು, ಹೊಲದಲ್ಲಿ ಬೆಳೆದದ್ದೇ ಬೇಕು ಎಂದು ಕಂಪನಿ ಹಟ ಹಿಡಿದ ಮೇಲೆ, ನಮ್ಮ ಮೇಸ್ತ್ರಿ ಕೆಲಸ ಮಾಡುವ ಸಣ್ಣ ಕಾರ್ಖಾನೆ ಗಿಡದ ನಾರಿಗೆ ಗೆಣಸಿನ ಗಂಜಿ ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಹಲಗೆ ಮಾಡಲು ಕಲಿತಿತ್ತು. ಕಲಿತಿತ್ತು ಅನ್ನುವುದು ಸ್ವಲ್ಪ ಧಾರಾಳದ ಮಾತು. ಉಳಿದ ಹಲಗೆಗಳೆಲ್ಲ ಒದ್ದೆ ರಟ್ಟಿನಂತೆ ಸೊಟ್ಟಗಾಗಿ, ಒಂದು ಮಾತ್ರ ನೆಟ್ಟಗೆ ನಿಂತಿತ್ತು. ಅದರ ಗಂಜಿಯೂ ಪೂರ್ತಿ ಒಣಗಿಲ್ಲವೆಂದು ಮೇಸ್ತ್ರಿ ಅದನ್ನು ಮನೆಗೆ ತಂದು, ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಒರಗಿಸಿದ್ದ.

ಆ ನಾರು ಬೆಳೆದವಳು ಮೇಸ್ತ್ರಿಯ ಸ್ವಂತ ಅಕ್ಕ. ತರಕಾರಿ ಬೆಳೆದುಕೊಂಡು ನೆಮ್ಮದಿಯಾಗಿದ್ದವಳು. "ಅಕ್ಕಾ, ಇನ್ಮೇಲೆ ಕಾರುಗಳು ನಿನ್ನ ಹೊಲದಲ್ಲೇ ಬೆಳೆಯೋದು ನೋಡು" ಎಂದು ಅವಳ ತಲೆ ತುಂಬಿದವನು ಇವನೇ. ಅವಳು ಬದನೆ, ಬೆಂಡೆ ಕಿತ್ತುಹಾಕಿ ನಾರಿನ ಗಿಡ ಹಾಕಿದಳು. ಕಡ್ಡಿಗಳನ್ನು ಕೆರೆಯಲ್ಲಿ ನೆನೆಹಾಕಿ, ಸೊಂಟದವರೆಗಿನ ನೀರಲ್ಲಿ ನಿಂತು ನಾರು ಸುಲಿಯುವಷ್ಟರಲ್ಲಿ ಅವಳ ಬೆರಳುಗಳ ಚರ್ಮವೂ ಸುಲಿದುಹೋಯಿತು. ಈಗ ಅವಳ ಮನೆ ತುಂಬ ನಾರಿನ ಹೊರೆಗಳು. ಇವತ್ತು ಒಪ್ಪಿಗೆ ಸಿಗದಿದ್ದರೆ ಅವನ್ನು ಕೇಳುವವರೇ ಇಲ್ಲ. ಅದಕ್ಕೇ ಮೇಸ್ತ್ರಿ ಹಲಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಕಾಯದೆ ಇದ್ದದ್ದು ಹಲ್ಲುಜ್ಜುವಷ್ಟು ಹೊತ್ತು ಮಾತ್ರ.

"ಅಮ್ಮಾ, ನಿಮ್ಮ ಮೇಕೆ ನನ್ನ ಬಾಗಿಲು ತಿಂದುಬಿಡ್ತು!" ಎಂದು ಬಾಯಲ್ಲಿ ನೊರೆ ಇಟ್ಟುಕೊಂಡೇ ಕೂಗಿದ.

ಮೇಕೆಯ ಒಡತಿ ಪಕ್ಕದ ಮನೆಯವಳು, ಬೀದಿಗೆಲ್ಲ ಮೇಕೆಯಮ್ಮ. "ಬಾಗಿಲು ತಿನ್ನೋಕೆ ಅದೇನು ಗೆದ್ದಲಾ?" ಎಂದು ಅವಳು ಹೊರಗೆ ಬಂದಳು. "ಅದಕ್ಕೆ ಏನು ಹಾಳುಮೂಳು ಬೆರೆಸಿದ್ರಿ ಮೊದ್ಲು ಹೇಳಿ. ನನ್ನ ಕೂಸಿಗೆ ಏನಾದ್ರೂ ಆದ್ರೆ ನಿಮ್ಮ ಕಾರ್ಖಾನೆ ಮುಂದೆ ಬಂದು ಕೂತ್ಕೋತೀನಿ."

ಕೂಸು ಗಡ್ಡ ಅಲ್ಲಾಡಿಸುತ್ತ ಇನ್ನೂ ಮೆಲ್ಲುತ್ತಿತ್ತು.

ಗಲಾಟೆಗೆ ಎದುರುಮನೆಯ ಪೇಂಟರ್ ಬಂದ. ಗುದ್ದಿದ ಕಾರುಗಳ ತಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಅವನ ಕಸುಬು. "ಇದೇನು ಮಹಾ! ಅಪ್ಪಚ್ಚಿಯಾದ ಕಾರನ್ನೇ ಮದುಮಗಳ ಹಾಗೆ ಮಾಡಿ ಕಳಿಸ್ತೀನಿ. ತನ್ನಿ ಇಲ್ಲಿ."

"ಬೇಡಣ್ಣ. ನಿನ್ನ ಪುಟ್ಟಿಯೂ ಪ್ಲಾಸ್ಟಿಕ್ಕಿನ ಜಾತಿನೇ ಅಲ್ವಾ?"

"ಒಂದು ಮೂಲೆ ತಾನೆ ಮೇಸ್ತ್ರಿ? ಅವರೇನು ನೆಕ್ಕಿ ನೋಡ್ತಾರಾ?"

"ಇದ್ದದ್ದು ಇದ್ದ ಹಾಗೆ ಹೇಳಿಬಿಡಿ" ಎಂದಳು ಮೇಸ್ತ್ರಿಯ ಹೆಂಡತಿ. ಅವಳ ಮಾತನ್ನು ಕೇಳದಿರಲು ಮೇಸ್ತ್ರಿಗೆ ಕಾರಣವೇನೂ ಇರಲಿಲ್ಲ. ಧೈರ್ಯ ಇರಲಿಲ್ಲ, ಅಷ್ಟೆ. ಪೇಂಟರ್ ಪುಟ್ಟಿ ಮೆತ್ತಿ, ಉಜ್ಜಿ, ನಾರಿನದೇ ಬಣ್ಣ ಹಚ್ಚಿ ಕೊಟ್ಟ.

ಕಾರ್ಖಾನೆಯಲ್ಲಿ ಮೇಡಂ ಮೇಜಿನ ಮುಂದೆ ಕೂತಿದ್ದರು. ನಗುವುದು ತಮ್ಮ ಕೆಲಸಕ್ಕೆ ಸೇರಿದ್ದಲ್ಲ ಎಂದು ತೀರ್ಮಾನಿಸಿದಂಥ ಮುಖ. ಮೇಸ್ತ್ರಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಪುಟ್ಟಿಯ ಮೂಲೆಯ ಮೇಲೆ ಅಂಗೈ ಊರಿಕೊಂಡು ನಿಂತ. ತಿರುಗಿಸಿ ಅಂದರೆ ತಿರುಗಿಸಿದ, ಎತ್ತಿ ಅಂದರೆ ಎತ್ತಿದ. ಅಂಗೈ ಮಾತ್ರ ಕದಲಲಿಲ್ಲ.

"ನಿಮ್ಮ ಕೈಗೇನಾದ್ರೂ ಆಗಿದೆಯಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಪ್ರೀತಿ."

ಮೇಡಂ ಆ ಪ್ರೀತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಅದೇ ಮೂಲೆಯಿಂದ ಒಂದು ಚೂರು ಕೆತ್ತಿ ಲೈಟರಿಗೆ ಹಿಡಿದರು. ಕಪ್ಪು ಹೊಗೆ ಎದ್ದಿತು. ಸುಟ್ಟ ಪ್ಲಾಸ್ಟಿಕ್ಕಿನ ನಾತ ಕೋಣೆ ತುಂಬಿತು. ಕಾರ್ಖಾನೆಯ ಯಜಮಾನರು ಮೇಸ್ತ್ರಿಯನ್ನು ಸುಟ್ಟುಬಿಡುವಂತೆ ನೋಡಿದರು.

"ಇದು ಗಿಡದ ನಾರಾ?"

ಮೇಸ್ತ್ರಿಯ ಕಣ್ಣ ಮುಂದೆ ಅಕ್ಕನ ಬೆರಳುಗಳು ಬಂದವು. ಇನ್ನು ಸುಳ್ಳು ಹೇಳಲು ಅವನಿಂದ ಆಗಲಿಲ್ಲ. "ನಾರೇ ಮೇಡಂ, ಆ ಮೂಲೆ ಬಿಟ್ಟು. ಆ ಮೂಲೆನ ಬೆಳಗ್ಗೆ ಮೇಕೆ ತಿಂತು. ಪುಟ್ಟಿ ಹಾಕ್ಸಿದೆ. ತಪ್ಪಾಯ್ತು."

"ಕಾರಿನ ಬಾಗಿಲನ್ನ ಮೇಕೆ ತಿಂತಾ?" ಮೇಡಂ ಎದ್ದು ನಿಂತರು. ಹತ್ತು ವರ್ಷದಲ್ಲಿ ಎಷ್ಟೋ ನೆಪ ಕೇಳಿದ್ದೇನೆ, ಇಂಥದ್ದು ಇದೇ ಮೊದಲು ಎಂದು ಚೀಲ ಹೆಗಲಿಗೇರಿಸಿದರು.

ಅಷ್ಟರಲ್ಲಿ ಹೊರಗೆ ಗಲಾಟೆ. ಹೇಳಿದಂತೆ ಮೇಕೆಯಮ್ಮ ಬಂದೇಬಿಟ್ಟಿದ್ದಳು, ಹಗ್ಗ ಹಿಡಿದು, ಮೇಕೆ ಸಮೇತ. "ಬೆಳಗ್ಗಿಂದ ಇದು ಹುಲ್ಲು ಮೂಸ್ತಿಲ್ಲ ಕಣ್ರೀ! ನಿಮ್ಮ ಬಾಗಿಲೇ ಬೇಕು ಅಂತ ಅರಚ್ತಾ ಇದೆ. ಈಗ ಏನ್ಮಾಡ್ಲಿ ಹೇಳಿ!"

ಮೇಸ್ತ್ರಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಮೇಡಂ ಹಲಗೆಯನ್ನು ಹೊರಗೆ ತಂದು ಮೇಕೆಯ ಮುಂದೆ ಇಟ್ಟರು. ಮೇಕೆ ಕರಕರ ಕಡಿಯತೊಡಗಿತು. ಮೊಣಕೈ ಊರುವ ಜಾಗ ಹೋಯಿತು, ಹಿಡಿಕೆಯ ಜಾಗ ಹೋಯಿತು. ಕೊನೆಗೆ ನೆಲದ ಮೇಲೆ ಉಳಿದದ್ದು ಪುಟ್ಟಿಯ ಮೂಲೆ. ಮೇಕೆ ಅದನ್ನು ಮೂಸಿ, ಸೀನಿ, ಮುಖ ತಿರುಗಿಸಿತು.

"ಶುದ್ಧ ನಾರು" ಎಂದರು ಮೇಡಂ. "ಇಷ್ಟು ಶುದ್ಧವಾದ ಮಾಲನ್ನ ನಾನು ಎಲ್ಲೂ ನೋಡಿಲ್ಲ."

ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಯಜಮಾನರು ಅವನ ಬೆನ್ನು ತಟ್ಟಿದರು.

"ಅದಕ್ಕೇ ಇದನ್ನ ತಗೊಳ್ಳೋಕಾಗಲ್ಲ" ಎಂದು ಮೇಡಂ ಅಷ್ಟೇ ಗಂಭೀರವಾಗಿ ಮುಂದುವರಿಸಿದರು. "ಕಾರಿನೊಳಗೆ ಮೇಕೆ ಬರಲ್ಲ, ಸರಿ. ಇಲಿ ಬರುತ್ತಲ್ಲ? ಒಂದೇ ರಾತ್ರೀಲಿ ನಾಲ್ಕು ಬಾಗಿಲೂ ಮುಗಿಸುತ್ತೆ." ಬಗ್ಗಿ ಪುಟ್ಟಿಯ ಮೂಲೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. "ಇದನ್ನ ಮಾತ್ರ ಯಾಕೆ ಬಿಡ್ತು?"

ಯಜಮಾನರ ಕೈ ಮೇಸ್ತ್ರಿಯ ಬೆನ್ನಿನಿಂದ ಥಟ್ಟನೆ ಇಳಿಯಿತು. "ಇಡೀ ಹಲಗೆನ ಆ ಪುಟ್ಟೀಲೇ ಮಾಡಿಕೊಡ್ತೀವಿ ಮೇಡಂ. ಅಡುಗೆಗೆ ಉಪ್ಪು ಹಾಕುವಷ್ಟು ನಾರು ಬೆರೆಸಿರ್ತೀವಿ. ಮೇಲೆ ಒಂದು ಹಸಿರು ಎಲೆಯ ಚಿತ್ರನೂ ಒತ್ತಿಕೊಡ್ತೀವಿ."

"ಎಲೆ ಸ್ವಲ್ಪ ದೊಡ್ಡದಾಗಿರ್ಲಿ" ಎಂದರು ಮೇಡಂ. ಒಪ್ಪಿಗೆಯಾಯಿತು. ಮರುದಿನದಿಂದಲೇ ಪೇಂಟರನ್ನು ಕೆಲಸಕ್ಕೆ ಕರೆಯುವುದೆಂದೂ ತೀರ್ಮಾನವಾಯಿತು.

ಮೇಸ್ತ್ರಿ ಕಾರ್ಖಾನೆಯ ಅಂಗಳದಲ್ಲಿ ಕುಸಿದು ಕೂತ. ಫೋನು ಹೊಡೆದುಕೊಂಡಿತು. ಅಕ್ಕ.

"ಏನಾಯ್ತೋ? ನಮ್ಮ ನಾರು ಪಾಸಾಯ್ತಾ?"

"ಪಾಸಾಯ್ತಕ್ಕಾ" ಎಂದ. ಅದೇನೂ ಸುಳ್ಳಲ್ಲ. "ಇಷ್ಟು ಶುದ್ಧವಾದ್ದು ಎಲ್ಲೂ ನೋಡಿಲ್ಲ ಅಂದ್ರು."

"ನಂಗೊತ್ತಿತ್ತು ಕಣೋ! ನಿನ್ನ ಮೇಲೆ ನಂಬಿಕೆ ಇಟ್ಟು, ಉಳಿದಿದ್ದ ಹೊಲಕ್ಕೂ ಬೆಳಗ್ಗೆನೇ ಅದೇ ಬೀಜ ಹಾಕ್ಸಿಬಿಟ್ಟೆ."

ಮೇಸ್ತ್ರಿ ಏನೋ ಹೇಳಲು ಹೋದ, ಅಷ್ಟರಲ್ಲಿ ಅಕ್ಕ ಫೋನು ಇಟ್ಟಿದ್ದಳು. ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಮೇಕೆಯಮ್ಮ, ಮೇಕೆಯ ಬೆನ್ನು ಸವರುತ್ತ, ಇಡೀ ದಿನದಲ್ಲಿ ಮೊದಲ ಬಾರಿಗೆ ಮೃದುವಾಗಿ ಮಾತಾಡಿದಳು.

"ಮೇಸ್ತ್ರಿ, ನಿಮ್ಮಕ್ಕನ ಹೊಲಕ್ಕೆ ಇಲ್ಲಿಂದ ತುಂಬ ದೂರಾನಾ?"